ದೂರದ ದಾರಿಗೆ ಮೊದಲ ಸೈಕಲ್: ಅಂಗಡಿಯದ್ದೋ, ಹೇಳಿ ಮಾಡಿಸಿದ್ದೋ?

ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತಿ ಇಳಿದವರಿಗೆ ಮುಂದಿನ ಆಸೆ ಹುಟ್ಟಲು ಹೆಚ್ಚು ದಿನ ಬೇಕಿಲ್ಲ. ಚೀಲ ಕಟ್ಟಿಕೊಂಡು ಹೊರಟರೆ ಆಗುಂಬೆ ಇಳಿದು ಉಡುಪಿ ಸೇರಬಹುದು, ಅಲ್ಲಿಂದ ಕರಾವಳಿ ಹಿಡಿದು ಗೋಕರ್ಣದವರೆಗೂ ತುಳಿಯಬಹುದು ಅನ್ನಿಸತೊಡಗುತ್ತದೆ. ಆಗ ಎದುರಾಗುವ ಮೊದಲ ಪ್ರಶ್ನೆ, ಇದಕ್ಕೆ ಎಂಥ ಸೈಕಲ್ ಬೇಕು? ಬಲ್ಲವರನ್ನು ಕೇಳಿದರೆ ಒಬ್ಬರು, “ಅಂಗಡಿಯಲ್ಲಿ ಸಿಗೋದನ್ನೇ ತಗೊಂಡು ಹೊರಡಿ” ಎನ್ನುತ್ತಾರೆ. ಇನ್ನೊಬ್ಬರು, “ಪ್ರವಾಸದ ಸೈಕಲ್ ಅಂದ್ರೆ ಅಳತೆ ಕೊಟ್ಟು ಮಾಡಿಸ್ಬೇಕು, ಜೀವಮಾನಪೂರ್ತಿ ಬಾಳಿಕೆ ಬರುತ್ತೆ” ಎನ್ನುತ್ತಾರೆ.

ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಮೊದಲ ಸಲ ಹೊರಡುವವರಿಗೆ ನನ್ನ ಸಲಹೆ ಸ್ಪಷ್ಟ: ದೇಹದ ಅಳತೆಗೆ ಅಂಗಡಿಯ ಸೈಕಲ್ ಹೊಂದುವುದೇ ಇಲ್ಲ ಎಂಬ ಸ್ಥಿತಿ ಇಲ್ಲದಿದ್ದರೆ ಸಿದ್ಧ ಸೈಕಲನ್ನೇ ಕೊಳ್ಳಿ. ಉಳಿದ ಹಣದಲ್ಲಿ ಅದನ್ನು ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ. ಮಾಡಿಸುವ ಆಸೆಯನ್ನು ಬಿಡಬೇಕಿಲ್ಲ, ಮುಂದಕ್ಕೆ ಹಾಕಿದರೆ ಸಾಕು. ಯಾಕೆಂದರೆ ಫ್ರೇಮ್ ಮಾಡಿಕೊಡುವವರು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಾಗುವುದು ನಾಲ್ಕು ಊರು ತುಳಿದ ಮೇಲೆ.

ಮೂರು ದಾರಿಗಳಿವೆ

ಆಯ್ಕೆ ಎರಡೇ ಎಂದುಕೊಂಡು ಗೊಂದಲಕ್ಕೆ ಬೀಳುವವರು ಬಹಳ. ನಿಜವಾಗಿ ದಾರಿಗಳು ಮೂರು.

ಮೊದಲನೆಯದು ಸಿದ್ಧ ಸೈಕಲ್. ಕಂಪನಿಯೇ ಫ್ರೇಮ್, ಗಾಲಿ, ಗೇರು, ಬ್ರೇಕು ಎಲ್ಲವನ್ನೂ ಜೋಡಿಸಿ ನಿಗದಿತ ಸೈಜುಗಳಲ್ಲಿ ಮಾರುವುದು ಇದು. ಅಮೆರಿಕದ ಟ್ರೆಕ್ ಕಂಪನಿಯ 520, ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕ್ಕರ್, ಬ್ರಿಟನ್ನಿನ ಡಾಸ್ ಗ್ಯಾಲಕ್ಸಿ ಇಂಥವು ಪ್ರವಾಸಿ ಸೈಕಲ್‌ಗಳಲ್ಲಿ ಹೆಸರು ಮಾಡಿದ ಮಾದರಿಗಳು.

ಎರಡನೆಯದು, ಸಿದ್ಧ ಫ್ರೇಮ್ ಮಾತ್ರ ಕೊಂಡು ಮಿಕ್ಕ ಭಾಗಗಳನ್ನು ನಾವೇ ಆರಿಸಿ ಮೆಕ್ಯಾನಿಕ್ ಕೈಲಿ ಜೋಡಿಸಿಕೊಳ್ಳುವುದು. ಇಲ್ಲಿ ಭಾಗಗಳ ಆಯ್ಕೆ ನಮ್ಮದು, ಫ್ರೇಮಿನ ಅಳತೆ ಮಾತ್ರ ಕಂಪನಿಯದ್ದು.

ಮೂರನೆಯದು ಪೂರ್ತಿ ಹೇಳಿ ಮಾಡಿಸುವುದು. ತೊಡೆಯ ಉದ್ದ, ಕೈಯ ಉದ್ದ, ಭುಜದ ಅಗಲ, ತೂಕ, ಹೊರುವ ಸಾಮಾನು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕುಶಲಕರ್ಮಿಯೊಬ್ಬರು ಕೊಳವೆ ಕತ್ತರಿಸಿ ಬೆಸುಗೆ ಹಾಕಿ ಒಬ್ಬರಿಗಾಗಿಯೇ ಫ್ರೇಮ್ ಕಟ್ಟಿಕೊಡುತ್ತಾರೆ. 1940ರಲ್ಲಿ ಪ್ಯಾರಿಸ್ ಬಳಿ ಅಂಗಡಿ ತೆರೆದ ರೆನೆ ಎರ್ಸ್ ಈ ಕಲೆಯಲ್ಲಿ ದೊಡ್ಡ ಹೆಸರು. ಫ್ರೇಮ್, ಕ್ಯಾರಿಯರ್, ಮಡ್‌ಗಾರ್ಡ್, ದೀಪ ಎಲ್ಲವನ್ನೂ ಒಂದೇ ವಸ್ತುವೆಂಬಂತೆ ಕೂಡಿಸಿ ಮಾಡುತ್ತಿದ್ದವರು ಅವರು. ಇಂಗ್ಲೆಂಡಿನ ಡರ್ಬಿಯಲ್ಲಿ 1946ರಲ್ಲಿ ಶುರುವಾದ ಮರ್ಸಿಯನ್ ಕೂಡ ಇದೇ ಪರಂಪರೆಯದು. ನಮ್ಮ ದೇಶದಲ್ಲೂ ಉಕ್ಕಿನಲ್ಲಿ, ಬಿದಿರಿನಲ್ಲಿ ಫ್ರೇಮ್ ಮಾಡುವವರಿದ್ದಾರೆ, ಆದರೆ ಬೆರಳೆಣಿಕೆಯಷ್ಟು.

ಪ್ರವಾಸದ ಸೈಕಲಿಗೆ ಏನಿರಬೇಕು?

ಯಾವ ದಾರಿ ಹಿಡಿದರೂ ಸಾಮಾನು ಹೊರುವ ಸೈಕಲಿಗೆ ಕೆಲವು ಗುಣ ಇರಲೇಬೇಕು. 2008ರಿಂದ ನಡೆಯುತ್ತಿರುವ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆಯಲ್ಲಿ ತೆಳು ಟೈರಿನ ರೇಸಿಂಗ್ ಸೈಕಲ್‌ಗಳು ಘಟ್ಟ ಹತ್ತುವುದನ್ನು ನೋಡಿ, ಅದನ್ನೇ ಕೊಳ್ಳೋಣ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಸಾಮಾನನ್ನು ವಾಹನ ಹೊರುತ್ತದೆ. ನಿಮ್ಮ ಬಟ್ಟೆ, ಟೆಂಟು, ನೀರು, ರಿಪೇರಿ ಸಾಮಾನನ್ನು ನೀವೇ ಹೊರುವುದಾದರೆ ಹದಿನೈದು ಇಪ್ಪತ್ತು ಕಿಲೋ ಸುಲಭವಾಗಿ ಆಗುತ್ತದೆ, ಲೆಕ್ಕವೇ ಬೇರೆಯಾಗುತ್ತದೆ.

ಫ್ರೇಮಿನಲ್ಲಿ ಮೊದಲು ನೋಡಬೇಕಾದದ್ದು ಪೆಡಲಿನ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ ಹೋಗುವ ಕೆಳಗಿನ ಕೊಳವೆಯ ಉದ್ದ. ರೇಸಿಂಗ್ ಸೈಕಲಿನಲ್ಲಿ ಇದು ಸುಮಾರು 410 ಮಿಲಿಮೀಟರ್ ಇರುತ್ತದೆ. ಪ್ರವಾಸದ್ದರಲ್ಲಿ 450ರ ಆಸುಪಾಸು, ಲಾಂಗ್ ಹಾಲ್ ಟ್ರಕ್ಕರ್‌ನಲ್ಲಿ 460. ಈ ನಾಲ್ಕೈದು ಸೆಂಟಿಮೀಟರ್ ಸಿಕ್ಕರೆ ತುಳಿಯುವಾಗ ಹಿಮ್ಮಡಿ ಪಕ್ಕದ ಚೀಲಕ್ಕೆ ಬಡಿಯುವುದಿಲ್ಲ. ಭಾರ ಹಿಂದಿನ ಅಚ್ಚಿನ ಹಿಂದಕ್ಕೆ ಜಗ್ಗದೆ ಸೈಕಲ್ ನೇರ ನಿಲ್ಲುತ್ತದೆ.

ಎರಡನೆಯದು ಬೋಲ್ಟ್ ಹಾಕುವ ತೂತುಗಳು. ಹಿಂದಿನ ಕ್ಯಾರಿಯರಿಗೆ, ಮಡ್‌ಗಾರ್ಡಿಗೆ, ನೀರಿನ ಬಾಟಲಿಗೆ, ಸಾಧ್ಯವಾದರೆ ಮುಂದಿನ ಫೋರ್ಕಿನ ಕ್ಯಾರಿಯರಿಗೂ ಫ್ರೇಮಿನಲ್ಲೇ ತೂತಿರಬೇಕು. ಕ್ಲಿಪ್ ಹಾಕಿ ಕಟ್ಟಿದ ಕ್ಯಾರಿಯರ್ ಹಂಪ್ ಮೇಲೆ ಹಂಪ್ ಹಾರಿದಾಗ ಜಾರುತ್ತದೆ.

ಮೂರನೆಯದು ಟೈರಿಗೆ ಜಾಗ. ನಮ್ಮ ರಸ್ತೆಗಳಿಗೆ 35ರಿಂದ 42 ಮಿಲಿಮೀಟರ್ ಅಗಲದ ಟೈರು ಹಿತ. ಅದರ ಮೇಲೆ ಮಡ್‌ಗಾರ್ಡ್ ಕೂರಲೂ ಜಾಗ ಮಿಕ್ಕಿರಬೇಕು. ಮಲೆನಾಡಿನ ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ ತುಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ಹಿಂದಿನ ಗಾಲಿ. ಸವಾರನ ಭಾರದ ಹೆಚ್ಚಿನ ಪಾಲು, ಸಾಮಾನಿನ ಹೆಚ್ಚಿನ ಪಾಲು ಎರಡೂ ಅದರ ಮೇಲೆ. 36 ಕಡ್ಡಿಗಳಿದ್ದರೆ ಒಳ್ಳೆಯದು, 32ಕ್ಕಿಂತ ಕಡಿಮೆ ಬೇಡ. ದಾರಿಯಲ್ಲಿ ಮುರಿಯುವ ಕಡ್ಡಿ ಹೆಚ್ಚಾಗಿ ಹಿಂದಿನ ಗಾಲಿಯ ಚೈನಿನ ಬದಿಯದ್ದೇ. ಆ ಬದಿಯ ಕಡ್ಡಿಗಳು ಹೆಚ್ಚು ನೇರವಾಗಿ, ಹೆಚ್ಚು ಬಿಗಿಯಾಗಿ ನಿಂತಿರುತ್ತವೆ.

ಗೇರಿನ ಲೆಕ್ಕ ಹಾಕಿ ನೋಡಿ

ಸಿದ್ಧ ಸೈಕಲ್ ಕೊಳ್ಳುವಾಗ ಅಂಗಡಿಯವರು “ಇಪ್ಪತ್ನಾಲ್ಕು ಗೇರ್ ಇದೆ ಸಾರ್” ಎಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಮಗೆ ಬೇಕಾದದ್ದು ಎಲ್ಲಕ್ಕಿಂತ ಹಗುರವಾದ ಗೇರು ಎಷ್ಟು ಹಗುರ ಎಂಬುದು. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ.

ರೇಸಿಂಗ್ ಸೈಕಲಿನಲ್ಲಿ ಮುಂದೆ 34, ಹಿಂದೆ 28 ಹಲ್ಲು ಎಂದಿಟ್ಟುಕೊಳ್ಳಿ. ಉತ್ತರ 1.21. ಗಾಲಿಯ ಸುತ್ತಳತೆ ಸುಮಾರು 2.15 ಮೀಟರ್, ಅಂದರೆ ಒಂದು ಸುತ್ತು ತುಳಿದರೆ 2.6 ಮೀಟರ್ ಮುಂದೆ ಹೋಗುತ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9.4 ಕಿಲೋಮೀಟರ್. ಮೌಂಟನ್ ಬೈಕಿನ ಹಳೆಯ ಬಗೆಯ ಜೋಡಣೆಯಲ್ಲಿ ಮುಂದೆ 22, ಹಿಂದೆ 34. ಉತ್ತರ 0.65, ಅದೇ 60 ಸುತ್ತಿಗೆ ಗಂಟೆಗೆ 5 ಕಿಲೋಮೀಟರ್.

ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ, ಏರು ಶೇಕಡಾ 8 ಎಂದಾದರೆ ಮೊದಲ ಸೈಕಲ್ಲನ್ನು ಆ ವೇಗದಲ್ಲಿ ಮೇಲಕ್ಕೆ ಒಯ್ಯಲು ಕಾಲುಗಳು 200 ವ್ಯಾಟಿಗೂ ಹೆಚ್ಚು ಶಕ್ತಿ ಕೊಡಬೇಕು. ಎರಡನೆಯದಕ್ಕೆ 110 ವ್ಯಾಟಿನಷ್ಟು ಸಾಕು. ಆರೋಗ್ಯವಂತ ಸಾಮಾನ್ಯರು 110ನ್ನು ಘಟ್ಟದುದ್ದಕ್ಕೂ ಎಳೆಯಬಲ್ಲರು. 200ನ್ನು ಅಭ್ಯಾಸವಿಲ್ಲದವರು ಬಹಳ ಹೊತ್ತು ಎಳೆಯಲಾರರು. ಹೆಚ್ಚಿನ ಗೇರಿನಲ್ಲಿ ನಿಧಾನವಾಗಿ ತುಳಿಯಹೊರಟರೆ ಪೆಡಲ್ ಭಾರವಾಗಿ ಮೊಣಕಾಲು ನೋಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಕೆಳಗಿನಿಂದ ಮೇಲಕ್ಕೆ ಚೀಲ ಹೊತ್ತು ಹತ್ತುವವರಿಗೂ, ಮಸಿನಗುಡಿಯಿಂದ ಕಲ್ಲಟ್ಟಿಯ ಮೂವತ್ತಾರು ತಿರುವು ಹತ್ತಿ ಊಟಿ ಸೇರುವವರಿಗೂ ಈ ಲೆಕ್ಕವೇ ಆಧಾರ.

ನಿಯಮ ಸರಳ. ಭಾಗಿಸಿದ ಉತ್ತರ 0.8ಕ್ಕಿಂತ ಮೇಲಿರಬಾರದು, 0.7ಕ್ಕೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯ ಸೈಕಲಿನಲ್ಲಿ ಇದು ತುಸು ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟನ್ನೋ ಮುಂದಿನ ಚಕ್ರಗಳನ್ನೋ ಬದಲಾಯಿಸಿ ಸರಿ ಮಾಡಬಹುದೇ ಎಂದು ಕೊಳ್ಳುವ ಮೊದಲೇ ಮೆಕ್ಯಾನಿಕ್ಕನ್ನು ಕೇಳಿ. ಹೊಸ ಫ್ರೇಮ್ ಮಾಡಿಸಬೇಕು ಎಂದು ಅನ್ನಿಸುವ ಎಷ್ಟೋ ಕಷ್ಟಗಳು ಒಂದು ಕ್ಯಾಸೆಟ್ ಬದಲಿಸಿದರೆ ಮುಗಿಯುತ್ತವೆ.

ಸಿದ್ಧ ಸೈಕಲ್ ಕೊಳ್ಳುವುದರ ಲಾಭ

ದೊಡ್ಡ ಲಾಭವೆಂದರೆ ಕೊಳ್ಳುವ ಮೊದಲು ಹತ್ತಿ ನೋಡಬಹುದು. ಎರಡು ಸೈಜು ತುಳಿದು ಯಾವುದರಲ್ಲಿ ಬೆನ್ನಿಗೆ ಹಿತವೋ ಅದನ್ನು ಆರಿಸಬಹುದು. ಹೇಳಿ ಮಾಡಿಸಿದ ಫ್ರೇಮಿನಲ್ಲಿ ಆ ಅವಕಾಶವಿಲ್ಲ, ಅದು ಬಂದ ಮೇಲೆಯೇ ಹತ್ತುವುದು. ಸಿದ್ಧ ಸೈಕಲಿಗೆ ವಾರಂಟಿ ಇರುತ್ತದೆ, ಬಿಡಿಭಾಗಗಳು ಒಂದೇ ಬಗೆಯ ಸಾವಿರಾರು ಸೈಕಲ್‌ಗಳಲ್ಲಿ ಬಳಕೆಯಾಗಿ ಅವುಗಳ ಕುಂದು ಕೊರತೆ ಎಲ್ಲರಿಗೂ ಗೊತ್ತಿರುತ್ತವೆ. ಆಮೇಲೆ ಈ ಹವ್ಯಾಸವೇ ಬೇಡವೆನಿಸಿದರೆ ಮಾರಬಹುದು. ನಿಮ್ಮೊಬ್ಬರ ಮೈಗೆ ಅಳೆದು ಮಾಡಿದ ಸೈಕಲನ್ನು ಕೊಳ್ಳುವವರು ಸಿಗುವುದು ಕಷ್ಟ.

ನಮ್ಮಲ್ಲಿ ಒಂದು ತೊಡಕಿದೆ. ಪ್ರವಾಸಕ್ಕೆಂದೇ ಮಾಡಿದ ಸೈಕಲ್ ಬೆಂಗಳೂರಿನ ಶೋರೂಮುಗಳಲ್ಲೂ ಅಪರೂಪ. ಹೆಚ್ಚಾಗಿ ಕಾಣುವುದು ರಸ್ತೆಯ ಸೈಕಲಿಗೂ ಮೌಂಟನ್ ಬೈಕಿಗೂ ನಡುವಿನ ಹೈಬ್ರಿಡ್, ಮೌಂಟನ್ ಬೈಕ್, ಈಚೆಗೆ ಗ್ರಾವೆಲ್ ಬೈಕ್. ಆದ್ದರಿಂದ ನಮ್ಮ ಹೊಸಬರಿಗೆ ಸಿದ್ಧ ಸೈಕಲ್ ಎಂದರೆ ಬಹುಪಾಲು ಒಳ್ಳೆಯ ಹೈಬ್ರಿಡ್ ಎಂದೇ ಅರ್ಥ. ಅದರಲ್ಲಿ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕಿನದನ್ನು ಆರಿಸಿ. ಅಗ್ಗದ ಸಸ್ಪೆನ್ಷನ್ ಫೋರ್ಕು ತೂಕ ಹೆಚ್ಚಿಸುತ್ತದೆ, ಏರಿನಲ್ಲಿ ಕಾಲಿನ ಶಕ್ತಿ ತಿನ್ನುತ್ತದೆ, ಮುಂದೆ ಚೀಲ ಕಟ್ಟಲು ಬಿಡುವುದಿಲ್ಲ. ಅಗಲ ಟೈರಿನಲ್ಲಿ ಗಾಳಿ ತುಸು ಕಡಿಮೆ ಇಟ್ಟರೆ ರಸ್ತೆಯ ಕುಲುಕಾಟ ಎಷ್ಟೋ ತಗ್ಗುತ್ತದೆ.

ಅಲ್ಯೂಮಿನಿಯಂ ಫ್ರೇಮ್ ಎಂದು ಹೆದರಬೇಕಿಲ್ಲ. ಉಕ್ಕಾದರೆ ಹಳ್ಳಿಯಲ್ಲೂ ವೆಲ್ಡಿಂಗ್ ಮಾಡಿಸಬಹುದು ಎಂಬ ಮಾತು ಅರ್ಧ ಮಾತ್ರ ನಿಜ. ಒಳ್ಳೆಯ ಉಕ್ಕಿನ ಫ್ರೇಮಿನ ಕೊಳವೆಯ ನಡುಭಾಗ ಒಂದು ಮಿಲಿಮೀಟರಿಗಿಂತ ತೆಳು. ಗೇಟು ಗ್ರಿಲ್ಲು ಬೆಸೆಯುವ ವೆಲ್ಡರ್ ಅದನ್ನು ಸುಟ್ಟು ತೂತು ಮಾಡಬಹುದು. ಹತ್ತಿರದ ಊರು ಮುಟ್ಟುವಷ್ಟು ತಾತ್ಕಾಲಿಕ ರಿಪೇರಿಗೆ ಉಕ್ಕು ಅನುಕೂಲ, ಅಷ್ಟೇ. ಕಂಪನಿ ಹೇಳಿದ ಭಾರದ ಮಿತಿಯೊಳಗಿದ್ದರೆ ರಾಜ್ಯದೊಳಗಿನ ಪ್ರವಾಸಗಳಿಗೆ ಎರಡೂ ಸಾಕು.

ಹಳ್ಳಿಯಲ್ಲಿ ಟೈರು ಸಿಗುತ್ತದೆಯೇ?

ಆಯ್ಕೆಯಲ್ಲಿ ಮರೆತುಹೋಗುವ ಆದರೆ ದಾರಿಯಲ್ಲಿ ಬಹಳ ಕಾಡುವ ವಿಷಯ ಇದು. ಊರ ಸೈಕಲ್ ಶಾಪಿನಲ್ಲಿ ಹಳೆಯ ಕಪ್ಪು ಸೈಕಲಿನ 28 ಇಂಚಿನ ಟೈರು ನೇತು ಹಾಕಿರುತ್ತಾರೆ. ಅದರ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಹೈಬ್ರಿಡ್‌ಗಳಲ್ಲಿ ಬರುವ 700ಸಿ ಗಾಲಿಯದು 622. ನೋಡಲು ಒಂದೇ ಅನ್ನಿಸಿದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 26 ಇಂಚಿನ ಮೌಂಟನ್ ಬೈಕಿನ ರಿಮ್ 559. ಹುಡುಗರು ತುಳಿಯುವ ಸೈಕಲ್‌ಗಳಿಂದಾಗಿ ಅದರ ಟೈರು, ಟ್ಯೂಬು ತಾಲ್ಲೂಕು ಕೇಂದ್ರಗಳಲ್ಲಿ ಸುಲಭವಾಗಿ ಸಿಗುತ್ತವೆ. ಹಳೆಯ ಲೇಡೀಸ್ ಸೈಕಲಿನ 26 ಇಂಚು ಮತ್ತೆ ಬೇರೆ, ಅದು 590. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಈ ಸಂಖ್ಯೆಯನ್ನೇ ನಂಬಿ, ಇಂಚಿನ ಲೆಕ್ಕವನ್ನಲ್ಲ.

700ಸಿ ಗಾಲಿಯವರು ಮಡಚುವ ಟೈರು ಒಂದು, ಟ್ಯೂಬು ಎರಡು ಜೊತೆಗಿಟ್ಟುಕೊಂಡರೆ ಚಿಂತೆಯಿಲ್ಲ. ಟ್ಯೂಬಿನ ವಾಲ್ವು ಮೋಟಾರ್ ಬೈಕಿನ ಬಗೆಯದಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು. ತೆಳು ವಾಲ್ವಾದರೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಒಂದನ್ನು ಸದಾ ಜೇಬಿನಲ್ಲಿಡಿ.

ಮಾಡಿಸುವವರು ಕೇಳುವ ಪ್ರಶ್ನೆಗಳು

ಒಳ್ಳೆಯ ಫ್ರೇಮ್ ಕುಶಲಕರ್ಮಿ ನಿಮ್ಮ ಅಳತೆ ತೆಗೆದು ಸುಮ್ಮನಾಗುವುದಿಲ್ಲ. ದಿನಕ್ಕೆ ಎಷ್ಟು ದೂರ ತುಳಿಯುತ್ತೀರಿ? ಎಷ್ಟು ಕಿಲೋ ಹೊರುತ್ತೀರಿ, ಹಿಂದೆ ಮಾತ್ರವೋ ಮುಂದೆಯೂ ಹೌದೋ? ಡಾಂಬರೋ, ಮಣ್ಣಿನ ದಾರಿಯೋ? ಹ್ಯಾಂಡಲ್ ನೇರವಾದದ್ದೋ, ಬಾಗಿದ್ದೋ? ಈಗಿನ ಸೈಕಲಿನಲ್ಲಿ ಎಲ್ಲಿ ನೋಯುತ್ತದೆ, ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಹ್ಯಾಂಡಲ್ ಚುರುಕಾಗಿ ತಿರುಗಬೇಕೋ, ಭಾರ ಹೊತ್ತಾಗ ಅಲುಗದೆ ನಿಲ್ಲಬೇಕೋ? ಕೊಳವೆಯ ದಪ್ಪ, ಫೋರ್ಕಿನ ಬಾಗು, ಹ್ಯಾಂಡಲಿನ ಎತ್ತರ ಎಲ್ಲವೂ ಈ ಉತ್ತರಗಳ ಮೇಲೆ ನಿಲ್ಲುತ್ತವೆ.

ಹೊಸಬರು ಇದಕ್ಕೆಲ್ಲ ಊಹೆಯಿಂದ ಉತ್ತರಿಸಬೇಕಾಗುತ್ತದೆ. ಇಪ್ಪತ್ತೈದು ಕಿಲೋ ಹೊರುತ್ತೇನೆ ಎಂದುಕೊಂಡವರು ಮೊದಲ ಪ್ರವಾಸದ ನಂತರ ಹತ್ತು ಕಿಲೋಗೆ ಇಳಿಯುವುದುಂಟು. ಲಡಾಖ್ ಕನಸಿನಲ್ಲಿ ಮಾಡಿಸಿದ ಭಾರೀ ಫ್ರೇಮ್ ಮೈಸೂರು ರಸ್ತೆಯಲ್ಲೇ ಉಳಿಯುವುದುಂಟು. ಜೊತೆಗೆ, ಅಭ್ಯಾಸವಾದಂತೆ ದೇಹವೇ ಬದಲಾಗುತ್ತದೆ. ಸೊಂಟ ಹೆಚ್ಚು ಬಾಗುತ್ತದೆ, ಕೈ ಮೇಲಿನ ಭಾರ ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲಿ ಹಿತವೆನಿಸಿದ ಹ್ಯಾಂಡಲಿನ ಎತ್ತರ ವರ್ಷದ ನಂತರ ಹಿತವೆನಿಸದೆ ಹೋಗಬಹುದು.

ಹಣ, ಕಾಯುವಿಕೆ ಎರಡೂ ಜಾಸ್ತಿ. ಅಮೆರಿಕ, ಯುರೋಪಿನ ಹೆಸರುವಾಸಿ ಕುಶಲಕರ್ಮಿಗಳ ಬಳಿ ಬರೀ ಫ್ರೇಮಿಗೇ ಸಾಮಾನ್ಯವಾಗಿ ಎರಡು ಸಾವಿರ ಡಾಲರಿಗೆ ಮೇಲ್ಪಟ್ಟು ಆಗುತ್ತದೆ. ಸಾಗಣೆ, ಸುಂಕ ಬೇರೆ. ಗಾಲಿ, ಗೇರು, ಬ್ರೇಕು ಇನ್ನೂ ಕೊಳ್ಳಬೇಕು. ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರ ಬಳಿ ವರ್ಷವೂ ದಾಟುತ್ತದೆ. ಆ ಅವಧಿಯಲ್ಲಿ ಸಿದ್ಧ ಸೈಕಲ್ ಕೊಂಡವರು ಒಂದು ಚಳಿಗಾಲಪೂರ್ತಿ ಊರೂರು ತಿರುಗಿರುತ್ತಾರೆ.

ಯಾರು ನೇರವಾಗಿ ಮಾಡಿಸಬೇಕು?

ಆದರೂ ಕೆಲವರಿಗೆ ಹೇಳಿ ಮಾಡಿಸುವುದು ಐಷಾರಾಮವಲ್ಲ, ಅಗತ್ಯ. ಐದು ಅಡಿಗಿಂತ ಕಡಿಮೆ ಎತ್ತರದವರು ಇದರಲ್ಲಿ ಮೊದಲಿಗರು, ಅವರಲ್ಲಿ ಹೆಚ್ಚಿನವರು ಮಹಿಳೆಯರು. ಅನೇಕ ಕಂಪನಿಗಳ ಅತಿ ಚಿಕ್ಕ ಸೈಜೂ ಅವರಿಗೆ ಉದ್ದವಾಗಿರುತ್ತದೆ. ಚಿಕ್ಕ ಫ್ರೇಮಿಗೆ ದೊಡ್ಡ 700ಸಿ ಗಾಲಿ ತುರುಕಿದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಟೈರಿಗೆ ತಾಗುತ್ತದೆ. ಅಂಥವರು ಮೊದಲು 26 ಇಂಚಿನ ಗಾಲಿಯ ಚಿಕ್ಕ ಫ್ರೇಮ್ ಹುಡುಕಬೇಕು. ಅದೂ ಹೊಂದದಿದ್ದರೆ ಮಾಡಿಸಲು ಹಿಂಜರಿಯಬಾರದು. ತುಂಬಾ ಎತ್ತರದವರು, ಕಂಪನಿಯ ಭಾರದ ಮಿತಿಯನ್ನು ಸಾಮಾನಿನೊಡನೆ ದಾಟುವವರು, ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸವಿರುವವರು, ಬೆನ್ನು ಕುತ್ತಿಗೆಯ ಶಸ್ತ್ರಚಿಕಿತ್ಸೆ ಆಗಿರುವವರು ಕೂಡ ಮೊದಲು ಬೈಕ್ ಫಿಟ್ಟಿಂಗ್ ಬಲ್ಲವರ ಸಲಹೆ ಪಡೆದು, ಬೇಕೆಂದರೆ ಮಾಡಿಸಲಿ. ನೋವು ತಿನ್ನುತ್ತಾ ತುಳಿದರೆ ಹವ್ಯಾಸವೇ ನಿಂತುಹೋಗುತ್ತದೆ.

ಉಳಿದ ಹಣವನ್ನು ಎಲ್ಲಿ ಹಾಕಬೇಕು?

ಮೊದಲು ಫಿಟ್ಟಿಂಗಿಗೆ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು ನೆಲದಿಂದ ಅಲ್ಲಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಅಂದಾಜು ಎತ್ತರ ಸಿಗುತ್ತದೆ. ಅಳತೆ 80 ಸೆಂಟಿಮೀಟರ್ ಬಂದರೆ ಸೀಟು 70.6ರಲ್ಲಿ. ಅಲ್ಲಿಂದ ತುಸು ಮೇಲೆ ಕೆಳಗೆ ಮಾಡಿ ಹೊಂದಿಸಿಕೊಳ್ಳಿ. ಕೈ, ಕುತ್ತಿಗೆ ನೋಯುತ್ತಿದ್ದರೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ಗಿಡ್ಡದ್ದಕ್ಕೋ ಎತ್ತರದ್ದಕ್ಕೋ ಬದಲಿಸಿ. ಸೀಟು ನಿಮ್ಮ ಮೂಳೆಗೆ ಹೊಂದುವಂಥದ್ದಿರಲಿ, ಮೆತ್ತನೆಯದೇ ಹಿತವೆಂಬ ನಂಬಿಕೆ ಬೇಡ.

ಎರಡನೆಯದಾಗಿ ಹಿಂದಿನ ಗಾಲಿಗೆ. ಯಂತ್ರದಲ್ಲಿ ಕಟ್ಟಿದ ಗಾಲಿಯ ಕಡ್ಡಿಗಳ ಬಿಗಿ ಏರುಪೇರಾಗಿರುವುದುಂಟು. ಪಳಗಿದ ಮೆಕ್ಯಾನಿಕ್ ಬಳಿ ಬೆಂಡು ತೆಗೆಸಿ, ಎಲ್ಲ ಕಡ್ಡಿಗಳ ಬಿಗಿ ಸಮ ಮಾಡಿಸಿ. ಹೆಚ್ಚು ಭಾರ ಹೊರುವವರು ಹಿಂದಿನ ಗಾಲಿಯೊಂದನ್ನು 36 ಕಡ್ಡಿಯಲ್ಲಿ ಕೈಯಲ್ಲೇ ಕಟ್ಟಿಸಿಕೊಂಡರೆ ಇನ್ನೂ ಒಳ್ಳೆಯದು. ಹೇಳಿ ಮಾಡಿಸುವ ಕೆಲಸದಲ್ಲಿ ಹೊಸಬರಿಗೆ ತಕ್ಷಣ ಫಲ ಕೊಡುವುದು ಇದೊಂದೇ.

ಮೂರನೆಯದು ಗಟ್ಟಿ ಕ್ಯಾರಿಯರ್, ನೀರು ಹೋಗದ ಚೀಲ. ನಾಲ್ಕನೆಯದು ಪಂಕ್ಚರ್ ತಡೆಯುವ ಒಳ್ಳೆಯ ಟೈರು. ಮಿಕ್ಕಿದ್ದು ಪ್ರಯಾಣದ ಖರ್ಚಿಗೆ.

ದೂರ ಹೋದವರ ಸೈಕಲ್‌ಗಳು

ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಯುರೋಪಿನಿಂದ ದೆಹಲಿಯವರೆಗೆ ತುಳಿದದ್ದು ಆರ್ಮ್‌ಸ್ಟ್ರಾಂಗ್ ಕ್ಯಾಡೆಟ್ ಎಂಬ ಅಂಗಡಿಯ ಸೈಕಲಿನಲ್ಲಿ. ಇದ್ದ ಮೂರು ಗೇರೂ ಆ ರಸ್ತೆಗಳಿಗೆ ನಾಜೂಕಾದವು ಎಂದು ತೆಗೆಸಿಯೇ ಹೊರಟಿದ್ದರು. 1962ರಲ್ಲಿ ಊರು ಬಿಟ್ಟ ಜರ್ಮನಿಯ ಹೈನ್ಸ್ ಸ್ಟ್ಯೂಕೆ ದಶಕಗಳ ಕಾಲ ಮೂರು ಗೇರಿನ ಒಂದೇ ಸೈಕಲಿನಲ್ಲಿ ಲೋಕ ಸುತ್ತಿದರು. ಗೇರಿಲ್ಲದ ಸೈಕಲೇ ಸಾಕು ಎಂಬುದು ಇದರ ಅರ್ಥವಲ್ಲ. ಮೊಣಕಾಲು ಉಳಿಯಬೇಕಾದರೆ ಹಗುರ ಗೇರು ಬೇಕೇ ಬೇಕು. ಆದರೆ ಹೊರಡಲು ಪರಿಪೂರ್ಣ ಸೈಕಲ್ ಬರಲೆಂದು ಅವರು ಕಾಯಲಿಲ್ಲ.

ಮಾಡಿಸುವ ಕಾಲ ಯಾವಾಗ?

ಸಿದ್ಧ ಸೈಕಲಿನಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿರಿ. ಪ್ರತಿ ಪ್ರವಾಸದ ನಂತರ ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಭಾರ ಹೊತ್ತಿರಿ, ಯಾವ ಸಾಮಾನು ಬಳಕೆಗೆ ಬರಲಿಲ್ಲ, ಯಾವ ಏರಿನಲ್ಲಿ ಗೇರು ಸಾಲಲಿಲ್ಲ, ಎಲ್ಲಿ ನೋವಾಯಿತು, ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಿತೇ. ಸೀಟು, ಸ್ಟೆಮ್, ಗೇರು, ಗಾಲಿ, ಟೈರು ಎಲ್ಲ ತಿದ್ದಿದ ಮೇಲೂ ಒಂದೇ ತೊಂದರೆ ಮತ್ತೆ ಮತ್ತೆ ಬಂದರೆ ಅದು ಫ್ರೇಮಿನದು. ಆಗ ಆ ಪುಸ್ತಕ ಹಿಡಿದು ಕುಶಲಕರ್ಮಿಯ ಬಳಿ ಹೋಗಿ. ನೀವು ಕೊಡುವ ಹಣಕ್ಕೆ ಪೂರ್ತಿ ಬೆಲೆ ಸಿಗುವುದು ಆಗಲೇ.

ಅಲ್ಲಿಯವರೆಗೆ ಮಾಡಬೇಕಾದದ್ದು ಇಷ್ಟೇ. ಈ ವಾರಾಂತ್ಯ ಅಂಗಡಿಗೆ ಹೋಗಿ ಎರಡು ಸೈಜು ತುಳಿದು ನೋಡಿ, ತೂತುಗಳನ್ನು ಎಣಿಸಿ, ಗೇರಿನ ಹಲ್ಲು ಭಾಗಿಸಿ. ಹೊಂದುವ ಸೈಕಲ್ ಕೊಂಡು, ಹತ್ತು ಕಿಲೋ ಚೀಲ ಕಟ್ಟಿ, ಮೊದಲು ಒಂದು ರಾತ್ರಿಯ ಪ್ರವಾಸ ಮಾಡಿ ಬನ್ನಿ.